ಮನೆಯಲ್ಲೇ ವಾಲ್ವ್ ಪ್ರಿಆಂಪ್: ‘ಬೆಚ್ಚನೆಯ ಧ್ವನಿ’ ಎಷ್ಟು ನಿಜ, ಅಪಾಯ ಎಲ್ಲಿದೆ?

ಕತ್ತಲೆ ಕೋಣೆ, ಮೇಜಿನ ಮೇಲೆ ಕೆಂಪಗೆ ಹೊಳೆಯುವ ಎರಡು ಗಾಜಿನ ವಾಲ್ವ್, ಹಿನ್ನೆಲೆಯಲ್ಲಿ ಹಳೆಯ ಹಾಡು. ‘ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಿ’ ಎನ್ನುವ ಇಂಥ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರ ಜೊತೆಗೆ ಕೆಲವು ಮಾತುಗಳೂ ಓಡಾಡುತ್ತವೆ. ವಾಲ್ವ್ ಧ್ವನಿಯೇ ಅಸಲಿ ಧ್ವನಿ ಎನ್ನುವುದು ಒಂದು. ವಾಲ್ವ್ ಒಳಗೆ ಬೆಲೆಬಾಳುವ ಪಾದರಸ ಇದೆ ಎನ್ನುವುದು ಇನ್ನೊಂದು. ಅದರಿಂದ ವಿಕಿರಣ ಬರುತ್ತದೆ ಎನ್ನುವುದು ಮೂರನೆಯದು. ಸ್ವಿಚ್ ಆರಿಸಿ ಪ್ಲಗ್ ಕಿತ್ತರೆ ಆಮೇಲೆ ಏನೂ ಭಯವಿಲ್ಲ ಎನ್ನುವುದು ನಾಲ್ಕನೆಯದು.

ಮೊದಲ ಮೂರನ್ನು ನಂಬಿದರೆ ಹಣ ಹೋಗಬಹುದು, ಇಲ್ಲವೇ ಸುಮ್ಮನೆ ಹೆದರಿಕೆಯಾಗಬಹುದು. ನಾಲ್ಕನೆಯದನ್ನು ನಂಬಿದರೆ ಜೀವವೇ ಹೋಗಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಪ್ರಿಆಂಪ್ ಎಂದರೇನು?

ಸ್ಪೀಕರ್ ಓಡಿಸುವುದು ಪವರ್ ಆಂಪ್ಲಿಫೈಯರ್. ಅದಕ್ಕೂ ಮೊದಲು, ಪ್ಲೇಯರ್‌ನಿಂದ ಬರುವ ಸಣ್ಣ ಸಂಕೇತವನ್ನು ಬೇಕಾದ ಮಟ್ಟಕ್ಕೆ ಹಿಗ್ಗಿಸಿ, ವಾಲ್ಯೂಮ್ ಹೆಚ್ಚು ಕಡಿಮೆ ಮಾಡಿ ಮುಂದಕ್ಕೆ ಕಳಿಸುವುದು ಪ್ರಿಆಂಪ್.

ಎಲ್ಲ ಪ್ಲೇಯರ್‌ಗಳಿಗೂ ಒಂದೇ ಪ್ರಮಾಣದ ಹಿಗ್ಗಿಸುವಿಕೆ ಬೇಕಿಲ್ಲ. ಹಳೆಯ ಎಲ್‌ಪಿ ರೆಕಾರ್ಡ್ ಪ್ಲೇಯರಿನ ಸೂಜಿಯಿಂದ ಬರುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಅದಕ್ಕೆ ಪ್ರಿಆಂಪ್ ಬೇಕೇ ಬೇಕು. ಆದರೆ ಸಿಡಿ ಪ್ಲೇಯರ್ 2 ವೋಲ್ಟ್‌ವರೆಗೆ ಕೊಡುತ್ತದೆ. ಅನೇಕ ಪವರ್ ಆಂಪ್ಲಿಫೈಯರ್‌ಗಳಿಗೆ ಅಷ್ಟೇ ಸಾಕು. ಅಲ್ಲಿ ವಾಲ್ವ್ ಸೇರಿಸುವುದು ಅಗತ್ಯಕ್ಕಲ್ಲ, ಇಷ್ಟಕ್ಕೆ.

ವಾಲ್ವ್ ಕೆಲಸ ಮಾಡುವುದು ಹೇಗೆ?

ಗಾಳಿಯನ್ನೆಲ್ಲ ಹೊರತೆಗೆದ ಗಾಜಿನ ಕೊಳವೆಯೊಳಗೆ ಒಂದು ಹೀಟರ್ ಇರುತ್ತದೆ. ಅದು ಕ್ಯಾಥೋಡ್ ಎಂಬ ಲೋಹದ ನಳಿಗೆಯನ್ನು ಕಾಯಿಸುತ್ತದೆ. ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಬಂದು, ಹೆಚ್ಚು ವೋಲ್ಟೇಜ್ ಇರುವ ಆನೋಡ್ ತಗಡಿನ ಕಡೆ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ. ಅದಕ್ಕೆ ಸಂಗೀತದ ಸಣ್ಣ ಸಂಕೇತ ಕೊಟ್ಟರೆ ಎಲೆಕ್ಟ್ರಾನ್ ಹರಿವು ಅದರ ತಾಳಕ್ಕೆ ಸರಿಯಾಗಿ ಏರಿಳಿಯುತ್ತದೆ. ನಲ್ಲಿಯ ತಿರುಪು ನೀರನ್ನು ನಿಯಂತ್ರಿಸಿದ ಹಾಗೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಇಂಥ ಮೂರು ಭಾಗಗಳ ವಾಲ್ವ್ ಮಾಡಿದರು.

ಪ್ರಿಆಂಪ್‌ಗಳಲ್ಲಿ ಹೆಚ್ಚು ಕಾಣುವುದು 12ಎಎಕ್ಸ್7. ಯುರೋಪಿನಲ್ಲಿ ಇದೇ ವಾಲ್ವ್‌ಗೆ ಇಸಿಸಿ83 ಎಂದು ಹೆಸರು. ಇದರ ಒಂದು ಭಾಗ ಸಂಕೇತವನ್ನು ಸುಮಾರು 50ರಿಂದ 60 ಪಟ್ಟು ಹಿಗ್ಗಿಸಬಲ್ಲದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸಲು ಆರಂಭಿಸಿತ್ತು. ‘ಬಿಇಎಲ್’ ಗುರುತಿನ ವಾಲ್ವ್‌ಗಳು ಹಳೆಯ ರೇಡಿಯೋಗಳಲ್ಲಿ ಈಗಲೂ ಸಿಗುತ್ತವೆ. ಇವತ್ತು ಮಾರುಕಟ್ಟೆಗೆ ಬರುವ ಹೊಸ ವಾಲ್ವ್‌ಗಳು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದವು.

ಮಾತು 1: ‘ವಾಲ್ವ್ ಧ್ವನಿಯೇ ಅಸಲಿ ಧ್ವನಿ’

ಅರ್ಧ ನಿಜ. ವಾಲ್ವ್ ಧ್ವನಿಯಲ್ಲಿ ವ್ಯತ್ಯಾಸ ಇರಬಹುದು. ಆದರೆ ಅದು ಬರುವುದು ಸಂಕೇತವನ್ನು ಇದ್ದ ಹಾಗೇ ಕೊಡುವುದರಿಂದಲ್ಲ, ಸ್ವಲ್ಪ ಬದಲಿಸುವುದರಿಂದ.

ಸರಳ ವಾಲ್ವ್ ಸರ್ಕ್ಯೂಟ್ ಮೂಲ ಸ್ವರಕ್ಕೆ ಅದರ ಎರಡರಷ್ಟು ಕಂಪನದ ಇನ್ನೊಂದು ಸ್ವರವನ್ನು ಚೂರು ಬೆರೆಸುತ್ತದೆ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಮಧ್ಯ ಷಡ್ಜದ ಜೊತೆಗೆ ತೀರಾ ಸಣ್ಣದಾಗಿ ತಾರ ಷಡ್ಜ ಕೇಳಿಸಿದ ಹಾಗೆ. ಎರಡೂ ಒಂದೇ ಸ್ವರವಾದ್ದರಿಂದ ಕಿವಿಗೆ ಕರ್ಕಶ ಎನಿಸುವುದಿಲ್ಲ, ತುಂಬಿಕೊಂಡ ಹಾಗೆ ಕೇಳುತ್ತದೆ. ಜನ ‘ಬೆಚ್ಚನೆಯ ಧ್ವನಿ’ ಎನ್ನುವುದರಲ್ಲಿ ಇದರ ಪಾಲು ದೊಡ್ಡದು. ಎಂಜಿನಿಯರುಗಳು ಇದನ್ನೇ ಡಿಸ್ಟಾರ್ಷನ್ ಎನ್ನುತ್ತಾರೆ. ಇಷ್ಟವಾದರೆ ತಪ್ಪೇನಿಲ್ಲ. ಆದರೆ ‘ಅಸಲಿ’ ಎನ್ನುವ ಮಾತು ಸರಿಯಲ್ಲ. ಅಲ್ಲದೆ, ಚೆನ್ನಾಗಿ ಕಟ್ಟಿದ ಪ್ರಿಆಂಪ್‌ನಲ್ಲಿ ಈ ಬೆರಕೆ ಬಹಳ ಕಡಿಮೆ ಇರುತ್ತದೆ. ಎಷ್ಟೋ ಸಲ ಕಿವಿಗೆ ಗೊತ್ತೇ ಆಗುವುದಿಲ್ಲ.

1985ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಕಾರ್ವರ್ ಇದನ್ನೇ ಸವಾಲಾಗಿ ತೆಗೆದುಕೊಂಡರು. ದುಬಾರಿ ವಾಲ್ವ್ ಪವರ್ ಆಂಪ್ಲಿಫೈಯರ್ ಒಂದರ ಧ್ವನಿಗೆ ಹೊಂದುವಂತೆ ತಮ್ಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ತಿದ್ದಿದರು. ಸ್ಟೀರಿಯೋಫೈಲ್ ಪತ್ರಿಕೆಯ ಅನುಭವಿ ವಿಮರ್ಶಕರಿಗೆ ಎರಡರ ನಡುವೆ ವ್ಯತ್ಯಾಸ ಗುರುತಿಸಲು ಆಗಲಿಲ್ಲ. ಗಾಜಿನಲ್ಲಿ ಮಾಯೆ ಇಲ್ಲ, ಇರುವುದು ಅಳೆಯಬಹುದಾದ ವ್ಯತ್ಯಾಸ ಎಂಬುದು ಇದರಿಂದ ತಿಳಿಯುತ್ತದೆ.

ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಪ್ರಿಆಂಪ್ ಸೇರಿಸಿದಾಗ ಧ್ವನಿ ಸ್ವಲ್ಪ ಜೋರಾಗುತ್ತದೆ. ಜೋರಾದದ್ದು ನಮ್ಮ ಕಿವಿಗೆ ಉತ್ತಮವಾದದ್ದು ಎಂದೇ ಅನಿಸುತ್ತದೆ. ವಾಲ್ಯೂಮ್ ಸಮ ಮಾಡಿ ಕೇಳದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹಾಗೆಯೇ, ಆನ್‌ಲೈನ್‌ನಲ್ಲಿ ಸಿಗುವ ಕೆಲವು ಅಗ್ಗದ ಕಿಟ್‌ಗಳಲ್ಲಿ ವಾಲ್ವ್ ಕೆಳಗೆ ಎಲ್‌ಇಡಿ ಕೂರಿಸಿರುತ್ತಾರೆ. ವಿಡಿಯೋದಲ್ಲಿ ಕಾಣುವ ಹೊಳಪು ಅದರದ್ದೇ ಇರಬಹುದು.

ಮಾತು 2: ‘ವಾಲ್ವ್ ಒಳಗೆ ಕೆಂಪು ಪಾದರಸ ಇದೆ’

ಸುಳ್ಳು. ಹಳೆಯ ರೇಡಿಯೋ, ಟಿವಿಗಳಲ್ಲಿ ಲಕ್ಷಗಟ್ಟಲೆ ಬೆಲೆಯ ‘ರೆಡ್ ಮರ್ಕ್ಯುರಿ’ ಇದೆ ಎಂಬ ವದಂತಿ ನಮ್ಮಲ್ಲೂ ಓಡಾಡಿದೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಳೆಯ ಹೊಲಿಗೆ ಯಂತ್ರಗಳ ಮೇಲೆ ಬಿದ್ದು, ಅವುಗಳ ಬೆಲೆ ವಿಪರೀತ ಏರಿತ್ತು. ವದಂತಿ ಹೇಳುವಂಥ ವಸ್ತುವೇ ಇಲ್ಲ.

ವಾಲ್ವ್ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಬೇರಿಯಂ ಲೇಪ. ಒಳಗೆ ಉಳಿದ ಅಲ್ಪಸ್ವಲ್ಪ ಗಾಳಿಯನ್ನು ಹೀರಿಕೊಳ್ಳಲು ಅದನ್ನು ಹಾಕಿರುತ್ತಾರೆ. ಅದು ಬಿಳಿಯಾಗಿದ್ದರೆ ಒಳಗೆ ಗಾಳಿ ಸೇರಿದೆ, ವಾಲ್ವ್ ಕೆಟ್ಟಿದೆ ಎಂದು ಅರ್ಥ. ಪಾದರಸದ ಆವಿ ಇರುವ ವಾಲ್ವ್‌ಗಳೂ ಇವೆ, ನಿಜ. ಅವು ದೊಡ್ಡ ಯಂತ್ರಗಳಲ್ಲಿ ಎಸಿಯನ್ನು ಡಿಸಿ ಮಾಡಲು ಬಳಸುತ್ತಿದ್ದ ಬೇರೆ ಜಾತಿಯವು. 12ಎಎಕ್ಸ್7ನಂಥ ವಾಲ್ವ್‌ನಲ್ಲಿ ಪಾದರಸ ಇರುವುದಿಲ್ಲ.

ಮಾತು 3: ‘ವಾಲ್ವ್‌ನಿಂದ ವಿಕಿರಣ ಬರುತ್ತದೆ’

ಪ್ರಿಆಂಪ್ ವಿಷಯದಲ್ಲಿ ಈ ಭಯ ಬೇಡ. ಗಾಜನ್ನು ದಾಟಿ ಬರುವ ಎಕ್ಸ್ ಕಿರಣ ಹುಟ್ಟಲು ಸಾವಿರಾರು ವೋಲ್ಟ್ ಬೇಕು. ಹಳೆಯ ಬಣ್ಣದ ಟಿವಿ ಕೊಳವೆಗಳಲ್ಲಿ 20 ಸಾವಿರ ವೋಲ್ಟಿಗೂ ಹೆಚ್ಚು ಇರುತ್ತಿತ್ತು, ಅದಕ್ಕೇ ಅವುಗಳಿಗೆ ವಿಶೇಷ ಗಾಜು. ಪ್ರಿಆಂಪ್‌ನಲ್ಲಿ ಇರುವುದು 250ರಿಂದ 300 ವೋಲ್ಟ್.

ಆದರೆ ಆ 300 ವೋಲ್ಟೇ ಮುಂದಿನ ಕಥೆ.

ಮಾತು 4: ‘ಪ್ಲಗ್ ಕಿತ್ತರೆ ಭಯವಿಲ್ಲ’

ಅಪಾಯಕಾರಿ ಸುಳ್ಳು. ಎಸಿಯನ್ನು ಡಿಸಿ ಮಾಡಿದ ಮೇಲೆ ಅದನ್ನು ನಯಗೊಳಿಸಲು ದೊಡ್ಡ ಕ್ಯಾಪಾಸಿಟರ್‌ಗಳನ್ನು ಹಾಕುತ್ತಾರೆ. ರಿಪೇರಿ ಅಂಗಡಿಯಲ್ಲಿ ಕಂಡೆನ್ಸರ್ ಎನ್ನುವುದು ಇದನ್ನೇ. ಇವು ನೀರಿನ ಟ್ಯಾಂಕ್ ಇದ್ದ ಹಾಗೆ. ಮೇನ್ ವಾಲ್ವ್ ಮುಚ್ಚಿದರೂ ಟ್ಯಾಂಕಿನಲ್ಲಿ ನೀರು ಇದ್ದೇ ಇರುತ್ತದೆ. ಒಟ್ಟು 100 ಮೈಕ್ರೋಫ್ಯಾರಡ್ ಕ್ಯಾಪಾಸಿಟರ್ 300 ವೋಲ್ಟ್‌ನಲ್ಲಿ 4.5 ಜೂಲ್ ಶಕ್ತಿ ಹಿಡಿದಿಟ್ಟಿರುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಇದು ಹಾದುಹೋದರೆ ಹೃದಯದ ಬಡಿತ ತಪ್ಪಬಹುದು.

ಆರಿಸಿದ ಮೇಲೂ ವಾಲ್ವ್ ಬಿಸಿಯಾಗಿದ್ದರೆ ಅದು ಈ ಚಾರ್ಜನ್ನು ತಾನೇ ಎಳೆದು ಖಾಲಿ ಮಾಡುತ್ತದೆ. ಆದರೆ ಪರೀಕ್ಷೆಗೆಂದು ವಾಲ್ವ್ ತೆಗೆದು ಆನ್ ಮಾಡಿದ್ದರೆ, ಅಥವಾ ಹೀಟರ್ ಸುಟ್ಟಿದ್ದರೆ, ಖಾಲಿಯಾಗಲು ದಾರಿಯೇ ಇಲ್ಲ. ಚಾರ್ಜ್ ಬಹಳ ಹೊತ್ತು ಉಳಿಯುತ್ತದೆ. ‘ಯಾಕೋ ಕೆಲಸ ಮಾಡ್ತಿಲ್ಲ’ ಎಂದು ಪೆಟ್ಟಿಗೆ ಬಿಚ್ಚಿ ಕೈ ಹಾಕುವುದೂ ಇದೇ ಹೊತ್ತಿನಲ್ಲಿ.

ಇದರ ಜೊತೆಗೆ ಇನ್ನೂ ಕೆಲವು ತಪ್ಪು ಧೈರ್ಯಗಳಿವೆ.

‘ರಬ್ಬರ್ ಚಪ್ಪಲಿ ಹಾಕಿದ್ದೇನೆ.’ ಕರೆಂಟ್ ಕೈಯಿಂದ ಕೈಗೆ ಹರಿಯುವಾಗ ಚಪ್ಪಲಿ ಏನೂ ಮಾಡುವುದಿಲ್ಲ.

‘ಮನೆಯಲ್ಲಿ ಆರ್‌ಸಿಸಿಬಿ ಇದೆ.’ ಅದು ಗಮನಿಸುವುದು ಮೇನ್ಸ್ ಲೈನಿನಿಂದ ಭೂಮಿಗೆ ಸೋರುವ ಕರೆಂಟನ್ನು. ಟ್ರಾನ್ಸ್‌ಫಾರ್ಮರ್ ದಾಟಿದ ಮೇಲಿನ 300 ವೋಲ್ಟ್ ನಿಮಗೆ ಹೊಡೆದರೆ ಅದಕ್ಕೆ ಗೊತ್ತಾಗುವುದೇ ಇಲ್ಲ, ಟ್ರಿಪ್ ಆಗುವುದಿಲ್ಲ.

‘ಟ್ರಾನ್ಸ್‌ಫಾರ್ಮರ್ ಯಾಕೆ, ಒಂದು ಡಯೋಡ್ ಸಾಕು.’ ಮನೆಯ 230 ವೋಲ್ಟನ್ನೇ ನೇರವಾಗಿ ಡಿಸಿ ಮಾಡಿದರೆ ಸುಮಾರು 325 ವೋಲ್ಟ್ ಬರುತ್ತದೆ, ನಿಜ. ಆದರೆ ಆಗ ಲೋಹದ ಪೆಟ್ಟಿಗೆ, ಆಡಿಯೋ ತಂತಿ, ಅದಕ್ಕೆ ಸಿಕ್ಕಿಸಿದ ಮೊಬೈಲ್ ಎಲ್ಲವೂ ಮೇನ್ಸ್ ಲೈನಿಗೆ ಸೇರಿದಂತೆ. ಇಂಥ ವಿಡಿಯೋ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

‘ಗುಂಯ್ ಎನ್ನುವ ಸದ್ದು ಹೋಗಬೇಕಾದರೆ ಅರ್ಥ್ ತಂತಿ ಕತ್ತರಿಸಿ.’ ಕತ್ತರಿಸಬಾರದು. ಒಳಗೆ ತಂತಿ ಬಿಚ್ಚಿ ಪೆಟ್ಟಿಗೆಗೆ ತಾಗಿದ ದಿನ ನಿಮ್ಮನ್ನು ಉಳಿಸುವುದು ಆ ತಂತಿಯೇ. ಸದ್ದು ಕಡಿಮೆ ಮಾಡಲು ಹೀಟರ್‌ಗೆ ಡಿಸಿ ಕೊಡುವುದು, ಟ್ರಾನ್ಸ್‌ಫಾರ್ಮರನ್ನು ದೂರ ಇಡುವುದು, ಒಳಗಿನ ಗ್ರೌಂಡ್ ತಂತಿಗಳನ್ನು ಒಂದೇ ಕಡೆ ಸೇರಿಸುವುದು ಮುಂತಾದ ಬೇರೆ ದಾರಿಗಳಿವೆ.

ಮಾಡಲೇಬೇಕು ಅನಿಸಿದರೆ

ಇದು ಒಳ್ಳೆಯ ಹವ್ಯಾಸ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರೆಸಿಸ್ಟರ್, ಕ್ಯಾಪಾಸಿಟರ್‌ಗಳು ಸುಲಭವಾಗಿ ಸಿಗುತ್ತವೆ. ಆದರೆ ಮೊದಲ ಪ್ರಾಜೆಕ್ಟ್ ಇದಾಗುವುದು ಬೇಡ. 12 ವೋಲ್ಟಿನ ಚಿಕ್ಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಂದೆರಡು ಮಾಡಿ, ಸೋಲ್ಡರಿಂಗ್ ಮತ್ತು ಮಲ್ಟಿಮೀಟರ್ ಕೈಗೆ ಹತ್ತಿದ ಮೇಲೆ ಇದಕ್ಕೆ ಬನ್ನಿ. ಆಗಲೂ ಇವಿಷ್ಟು ಇರಲಿ:

– ಎರಡು ಸುರುಳಿ ಪ್ರತ್ಯೇಕವಾಗಿರುವ ಟ್ರಾನ್ಸ್‌ಫಾರ್ಮರ್, ಮೇನ್ಸ್ ಕಡೆ ಫ್ಯೂಸ್, ಮೂರು ಪಿನ್ನಿನ ಪ್ಲಗ್, ಲೋಹದ ಪೆಟ್ಟಿಗೆಗೆ ಗಟ್ಟಿಯಾದ ಅರ್ಥಿಂಗ್.

– ಕ್ಯಾಪಾಸಿಟರ್‌ಗೆ ಅಡ್ಡಲಾಗಿ ಚಾರ್ಜ್ ಇಳಿಸುವ ರೆಸಿಸ್ಟರ್. 100 ಮೈಕ್ರೋಫ್ಯಾರಡ್‌ಗೆ 220 ಕಿಲೋಓಮ್, 2 ವಾಟ್ ಹಾಕಿದರೆ 300 ವೋಲ್ಟ್ ಸುಮಾರು 40 ಸೆಕೆಂಡಿನಲ್ಲಿ 50 ವೋಲ್ಟಿಗೆ ಇಳಿಯುತ್ತದೆ. ಪೂರ್ತಿ ಇಳಿಯಲು ಎರಡು ನಿಮಿಷ ಕಾಯಿರಿ.

– ಆ ರೆಸಿಸ್ಟರೂ ಕೆಟ್ಟಿರಬಹುದು. ಆದ್ದರಿಂದ ಕೈ ಹಾಕುವ ಮೊದಲು ಪ್ರತಿ ಸಲವೂ ಮಲ್ಟಿಮೀಟರಿನಿಂದ ಅಳೆಯಿರಿ. ಸ್ಕ್ರೂಡ್ರೈವರ್ ತಾಗಿಸಿ ‘ಚಟ್’ ಎನಿಸುವ ಅಭ್ಯಾಸ ಬೇಡ. ಕಿಡಿ ಹಾರಿ ಕಣ್ಣಿಗೂ ಕ್ಯಾಪಾಸಿಟರಿಗೂ ಪೆಟ್ಟಾಗಬಹುದು.

– ಆನ್ ಇರುವಾಗ ಅಳೆಯಬೇಕಾಗಿ ಬಂದರೆ ಒಂದು ಕೈ ಜೇಬಿನಲ್ಲಿರಲಿ. ಒಬ್ಬರೇ ಇರುವಾಗ, ನಿದ್ದೆಗಣ್ಣಿನಲ್ಲಿ ಈ ಕೆಲಸ ಬೇಡ. ಪಕ್ಕದಲ್ಲಿರುವವರಿಗೆ ಮೇನ್ ಸ್ವಿಚ್ ಎಲ್ಲಿದೆ ಎಂದು ಗೊತ್ತಿರಲಿ.

– ಮಕ್ಕಳಿರುವ ಮನೆಯಲ್ಲಿ ತೆರೆದ ಸರ್ಕ್ಯೂಟ್ ಮೇಜಿನ ಮೇಲೆ ಬಿಡಬೇಡಿ.

ಒಟ್ಟಿನಲ್ಲಿ, ವಾಲ್ವ್ ಧ್ವನಿ ಕೇಳಲು ಚೆಂದ ಎನ್ನುವವರ ಜೊತೆ ನಮ್ಮ ಜಗಳವಿಲ್ಲ. ಅದು ರುಚಿಯ ವಿಷಯ. ಆದರೆ ಆ ವಿಡಿಯೋವನ್ನು ಯಾರಿಗಾದರೂ ಕಳಿಸುವುದಿದ್ದರೆ ಅದರ ಜೊತೆಗೆ ಒಂದು ಸಾಲು ಸೇರಿಸಿ: ಆರಿಸಿದ ಮೇಲೂ ಒಳಗೆ ಕರೆಂಟ್ ಇರುತ್ತದೆ, ಅಳೆಯದೆ ಮುಟ್ಟಬೇಡಿ.