ಗುಂಡ್ಲುಪೇಟೆಯ ಮಳೆ ಲೆಕ್ಕಕ್ಕೂ ಬೇಕು ಕಂಪೈಲರ್ ಸಂಶೋಧನೆ

ಚಾಮರಾಜನಗರ: ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಮಳೆಯನ್ನೇ ನಂಬಿದ ರೈತನಿಗೆ ಬಿತ್ತನೆಯ ದಿನ ತಪ್ಪಿದರೆ ಬೀಜ, ಗೊಬ್ಬರಕ್ಕೆ ಸುರಿದ ಹಣ ಮಣ್ಣುಪಾಲು. ತನ್ನ ಊರಿನ ಮಟ್ಟಿಗೆ ನಂಬಬಹುದಾದ ಮುನ್ಸೂಚನೆ ಆತನಿಗೆ ಬದುಕಿನ ಪ್ರಶ್ನೆ.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ 12 ಕಿ.ಮೀ. ಬದಲು 6 ಕಿ.ಮೀ. ಚೌಕಗಳಲ್ಲಿ ಹವಾಮಾನದ ಲೆಕ್ಕ ಹಾಕುತ್ತದೆ. ಬಂಡೀಪುರದ ಕಾಡಂಚನ್ನೂ ಅದರಾಚೆಯ ಬಯಲನ್ನೂ ಪ್ರತ್ಯೇಕವಾಗಿ ಕಾಣಲು ಇದು ನೆರವಾದೀತು. ಆದರೆ ಅಂತರ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಕಾಲದ ಹೆಜ್ಜೆಯೂ ಕಿರಿದಾಗಬೇಕಾದ್ದರಿಂದ ಲೆಕ್ಕದ ಹೊರೆ ಸುಮಾರು ಎಂಟು ಪಟ್ಟು.

ಈ ಹೊರೆಯನ್ನು ಸಾವಿರಾರು ಪ್ರೊಸೆಸರ್‌ಗಳು ಏಕಕಾಲಕ್ಕೆ ಹೊರುವುದೇ ಸಮಾಂತರ ಪ್ರೋಗ್ರಾಮಿಂಗ್. ಯಂತ್ರ ಕೊಂಡರಷ್ಟೇ ಸಾಲದು. ಕೆಲಸದ ಶೇ 10ರಷ್ಟು ಭಾಗ ಹಂಚಿಕೆಗೆ ಒಗ್ಗದಿದ್ದರೆ, ಎಷ್ಟೇ ಪ್ರೊಸೆಸರ್ ಸೇರಿಸಿದರೂ ವೇಗ ಹತ್ತು ಪಟ್ಟು ಮೀರದು ಎಂಬುದು 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ವಾದದಿಂದ ಹೊರಡುವ ಲೆಕ್ಕ. ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಅನುವಾದಿಸುವ ಕಂಪೈಲರ್‌ಗೆ ಮಹತ್ವ ಬರುವುದು ಇಲ್ಲಿಯೇ.

ಈ ಕ್ಷೇತ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಗಟ್ಟಿ ಪರಂಪರೆ ಇದೆ. ಅಲ್ಲಿನ ಪ್ರಾಧ್ಯಾಪಕ ಉದಯ ಬೊಂಡುಗುಲ ಅವರು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದಾಗ ರೂಪಿಸಿದ ‘ಪ್ಲೂಟೋ’ ತಂತ್ರಾಂಶ 2008ರಲ್ಲಿ ವಿದ್ವತ್ ವಲಯದ ಗಮನ ಸೆಳೆಯಿತು. ಪ್ರೋಗ್ರಾಂನಲ್ಲಿ ಮತ್ತೆ ಮತ್ತೆ ಸುತ್ತುವ ಲೆಕ್ಕಗಳನ್ನು ಅದು ತಾನೇ ಪರಿಶೀಲಿಸಿ, ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಗುರುತಿಸಿ, ಪ್ರೊಸೆಸರ್‌ಗಳಿಗೆ ಹಂಚುತ್ತದೆ. ನೆರೆಯ ಚೌಕಗಳ ಮೌಲ್ಯದಿಂದ ಪ್ರತಿ ಚೌಕದ ಮುಂದಿನ ಮೌಲ್ಯ ಕಂಡುಹಿಡಿಯುವ ಲೆಕ್ಕಗಳು ಇಂಥವೇ. 2019ರಲ್ಲಿ ಗೂಗಲ್ ಮುಕ್ತಗೊಳಿಸಿದ ‘ಎಂಎಲ್‌ಐಆರ್’ ಕಂಪೈಲರ್ ಚೌಕಟ್ಟಿನ ಆರಂಭಿಕ ತಂಡದಲ್ಲಿಯೂ ಬೊಂಡುಗುಲ ಇದ್ದರು. ಕೃತಕ ಬುದ್ಧಿಮತ್ತೆಯ ಹಲವು ತಂತ್ರಾಂಶಗಳು ಇಂದು ಅದನ್ನು ಆಶ್ರಯಿಸಿವೆ.

ಆದರೆ ಬೆಂಗಳೂರಿನ ಈ ವಿದ್ಯೆ ಜಿಲ್ಲೆಗಳನ್ನು ತಲುಪುವುದು ಹೇಗೆ? ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಲ್ಲಿ ಆರಂಭವಾಗಿದೆ. ವಿಟಿಯು ಪಠ್ಯಕ್ರಮದಲ್ಲಿ ಕಂಪೈಲರ್ ವಿಷಯವೂ ಇದೆ. ಪ್ಲೂಟೋ, ಎಂಎಲ್‌ಐಆರ್ ಎರಡೂ ಮುಕ್ತ ತಂತ್ರಾಂಶಗಳು. ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಅವರ ಕಂಪೈಲರ್ ಉಪನ್ಯಾಸಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತ. ಕಲಿಕೆಗೆ ಸೂಪರ್ ಕಂಪ್ಯೂಟರ್ ಅನಿವಾರ್ಯವಲ್ಲ. ನಾಲ್ಕು ಕೋರ್‌ಗಳ ಸಾಮಾನ್ಯ ಯಂತ್ರವೂ ಸಾಕು.

ಬೇಕಿರುವುದು ಪರೀಕ್ಷೆಯಾಚೆಗೂ ಪಾಠ ಮಾಡುವ ಅಧ್ಯಾಪಕರು ಮತ್ತು ಬೆಂಗಳೂರಿನ ಪ್ರಯೋಗಾಲಯಗಳೊಡನೆ ನಿರಂತರ ನಂಟು. ಯಂತ್ರಕ್ಕೆ ಕೋಟಿಗಟ್ಟಲೆ ವ್ಯಯಿಸುವ ಸರ್ಕಾರಗಳು, ಅದನ್ನು ದುಡಿಸಬಲ್ಲವರನ್ನು ರೂಪಿಸಲೂ ಮನಸ್ಸು ಮಾಡಬೇಕಿದೆ. ಗುಂಡ್ಲುಪೇಟೆಯ ಮಳೆಯ ಲೆಕ್ಕ ಹಾಕುವವರಲ್ಲಿ ಗುಂಡ್ಲುಪೇಟೆಯವರೂ ಇರಲಿ.