ಸರಾಸರಿ ಸಾಲದು

ಅಮೆರಿಕದಲ್ಲಿ ಪಿಸ್ತೂಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸಿಗಳು ಅನೇಕರಿದ್ದಾರೆ. ಒಂದೇ ಡಬ್ಬಿಯ ಗುಂಡುಗಳ ಅಳತೆ ಒಂದೇ ಸಮನಿಲ್ಲವೆಂಬುದು ಅವರ ಹಳೆಯ ದೂರು. ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ತರವಲ್ಲವೆಂದು ನನ್ನ ಅಭಿಪ್ರಾಯ.

ತೋಟಾದ ಒಟ್ಟು ಉದ್ದ ಅಷ್ಟೇ ಇದ್ದು ಗುಂಡು ಮಾತ್ರ ತುಸು ಉದ್ದವಾದರೆ, ಅದರ ಬುಡ ಹಿತ್ತಾಳೆಯ ಕವಚದೊಳಗೆ ಇನ್ನಷ್ಟು ಆಳಕ್ಕಿಳಿಯುತ್ತದೆ. ಮದ್ದಿಗುಳಿಯುವ ಜಾಗ ಕುಗ್ಗಿ, ಉರಿದಾಗ ಒತ್ತಡ ಏರುತ್ತದೆ. ಕವಚ ಚಿಕ್ಕದಾದಷ್ಟೂ ಈ ಏರಿಕೆ ತೀವ್ರ. 9 ಮಿ.ಮೀ. ಲೂಗರ್ ತೋಟಾಕ್ಕೆ ಅಲ್ಲಿ ನಿಗದಿಯಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡು. ಅದು ಮೀರಿದರೆ ಅಪಾಯ ಕೈಗೆ, ಕಣ್ಣಿಗೆ.

ಅಲ್ಲಿ ನೆಲೆಸಿರುವ ನನ್ನ ಶಿಷ್ಯರಲ್ಲಿ ಈ ಹವ್ಯಾಸವುಳ್ಳವರಿದ್ದರೆ, ಪ್ರತಿ ಡಬ್ಬಿಯಿಂದ ಹತ್ತು ಗುಂಡುಗಳ ಉದ್ದವನ್ನೂ ವ್ಯಾಸವನ್ನೂ ಅಳೆಯಿರಿ. ಸರಾಸರಿಯನ್ನಲ್ಲ, ಕನಿಷ್ಠ–ಗರಿಷ್ಠಗಳ ಅಂತರವನ್ನು ಗಮನಿಸಿ. ಪಿಸ್ತೂಲಿನೊಳಗೆ ಸಿಡಿಯುವುದು ಸರಾಸರಿಯಲ್ಲ, ಒಂದೊಂದೇ ತೋಟಾ.