ರಜೆ ಯಾರಿಗೆ?

ರಜೆ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಊಟಿ, ಮಡಿಕೇರಿ, ಮೈಸೂರು ಎಂಬ ಹೆಸರುಗಳೇ ಹೆಚ್ಚು. ಒಂದು ವ್ಯಾನು ಗೊತ್ತಾಗುತ್ತದೆ. ಅದರೊಳಗೆ ಮಕ್ಕಳೊಂದಿಗೆ ಸ್ಟವ್, ಅಕ್ಕಿ, ಮಸಾಲೆ ಡಬ್ಬಗಳೂ ಏರುತ್ತವೆ. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿದ ಮಗುವನ್ನು ಶುಚಿಗೊಳಿಸುವವಳು ತಾಯಿ. ದಿನಕ್ಕೊಂದು ಲಾಡ್ಜ್‌ನಲ್ಲಿ ಗಂಟು ಬಿಚ್ಚಿ ಕಟ್ಟುವವಳೂ ಅವಳೇ. ಮರಳಿ ಬಂದ ಮೇಲೆ ಬಟ್ಟೆಯ ರಾಶಿ ಕಾಯುವುದೂ ಅವಳನ್ನೇ. ಹಾಗಾದರೆ ರಜೆ ಸಿಕ್ಕಿದ್ದು ಯಾರಿಗೆ?

ಇದನ್ನು ಯೋಚಿಸುವ ಕುಟುಂಬಗಳು ನೆಲದ ಪ್ರವಾಸಕ್ಕೆ ಬದಲಾಗಿ ಹಡಗಿನ ಪ್ರವಾಸವನ್ನೂ ಪರಿಗಣಿಸಬಹುದು. ಅದಕ್ಕಾಗಿ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಲಕ್ಷದ್ವೀಪ ನಮಗೆ ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಕೊಬ್ಬರಿ ಮತ್ತು ತೆಂಗಿನ ನಾರಿನ ಹುರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು.

ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ರೂಪಿಸಿದ ‘ಸಮುದ್ರಂ’ ಪ್ರವಾಸದ ಕ್ರಮವನ್ನು ನೋಡಿ. ಕೊಚ್ಚಿಯಿಂದ ಹಡಗು, ಒಟ್ಟು ಐದು ದಿನ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲಿ. ನೀವು ಮಲಗಿರುವಾಗ ಹಡಗು ಮುಂದಿನ ದ್ವೀಪದತ್ತ ಸಾಗುತ್ತದೆ. ಗಂಟು ಬಿಚ್ಚುವುದು ಒಮ್ಮೆ, ಕಟ್ಟುವುದು ಒಮ್ಮೆ. ಅಡುಗೆ ಬೇರೆಯವರದ್ದು. ದ್ವೀಪವಾಸಿಗಳಲ್ಲಿ ನೂರಕ್ಕೆ ತೊಂಬತ್ತಾರಕ್ಕಿಂತ ಹೆಚ್ಚು ಮಂದಿ ಮುಸ್ಲಿಮರಾದ್ದರಿಂದ ಹಲಾಲ್ ಊಟಕ್ಕಾಗಿ, ನಮಾಝ್‌ನ ಸ್ಥಳಕ್ಕಾಗಿ ಅಲೆಯಬೇಕಿಲ್ಲ. ಕವರತ್ತಿಯ ಉಜ್ರಾ ಮಸೀದಿಯ ಮರದ ಕೆತ್ತನೆ, 1885ರಲ್ಲಿ ಕಟ್ಟಿದ ಮಿನಿಕಾಯ್ ದೀಪಸ್ತಂಭ ಮಕ್ಕಳಿಗೆ ತೋರಿಸಬೇಕಾದಂಥವು. ಹಡಗಿನಲ್ಲಿ ನಮಾಝ್ ಹೇಗೆ ಎಂದು ಕೆಲವರು ಕೇಳುತ್ತಾರೆ. ನಿಲ್ಲಲು ಸಾಧ್ಯವಿದ್ದರೆ ನಿಂತು, ತಲೆ ಸುತ್ತಿ ನಿಲ್ಲಲಾಗದಿದ್ದರೆ ಕುಳಿತು ನಿರ್ವಹಿಸಿರಿ. ಪ್ರಯಾಣಿಕರಿಗೆ ಕಸ್ರ್‌ನ ರಿಯಾಯಿತಿಯೂ ಇದೆ.

ಆದರೆ ಒಳಿತನ್ನು ಮಾತ್ರ ಹೇಳಿದರೆ ಅರ್ಧ ಸತ್ಯವನ್ನು ಹೇಳಿದಂತೆ. ನೆಲದ ಪ್ರವಾಸದಲ್ಲಿ ಮಗುವಿಗೆ ಜ್ವರ ಬಂದರೆ ಗಾಡಿ ತಿರುಗಿಸಬಹುದು, ಹಡಗನ್ನು ತಿರುಗಿಸಲಾಗದು. ದ್ವೀಪದ ಸುತ್ತ ಹವಳದ ದಿಬ್ಬಗಳಿರುವುದರಿಂದ ಹಡಗು ಸಾಮಾನ್ಯವಾಗಿ ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ತೂಗಾಡುವ ಸಣ್ಣ ದೋಣಿಗೆ ಇಳಿಯಬೇಕು. ಗರ್ಭಿಣಿಯರಿಗೆ, ಮಂಡಿ ನೋವಿನ ಹಿರಿಯರಿಗೆ ಇದು ಸುಲಭವಲ್ಲ. ಕಡಲಿನ ತಲೆಸುತ್ತು ಕೆಲವರನ್ನು ಹಾಸಿಗೆಯಿಂದ ಏಳಗೊಡದು. ವೈದ್ಯರನ್ನು ಕೇಳಿ ಮಾತ್ರೆ ಒಯ್ಯಿರಿ. ಮಳೆಗಾಲ ಈ ಪ್ರವಾಸಕ್ಕೆ ತಕ್ಕುದಲ್ಲ. ಪ್ರವೇಶ ಪರವಾನಗಿ ಕಡ್ಡಾಯ. ಹಡಗಿನ ವೇಳಾಪಟ್ಟಿ, ದರ ಬದಲಾಗುತ್ತಿರುತ್ತವೆ. ಹಣ ಕಟ್ಟುವ ಮೊದಲು ವಿಚಾರಿಸಿರಿ.

ಮತ್ತೊಂದು ವಿಷಯವನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಅಲ್ಲಿ ನದಿಯಿಲ್ಲ. ಮಳೆಯ ನೀರು ನೆಲದಡಿ ಉಪ್ಪು ನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಅತಿಯಾಗಿ ಸೇದಿದರೆ ಬಾವಿ ಉಪ್ಪಾಗುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕವನ್ನು ಸ್ಥಾಪಿಸಿದ್ದು ಈ ಕೊರತೆಯಿಂದಲೇ. 1998, 2010 ಮತ್ತು 2016ರಲ್ಲಿ ಕಡಲು ಬಿಸಿಯೇರಿ ಅಲ್ಲಿನ ಹವಳಗಳು ಬಿಳಿಚಿ ಅಪಾರ ಹಾನಿಯಾಯಿತು. ಆದ್ದರಿಂದ ಹವಳವನ್ನು ಮುರಿಯಬೇಡಿ, ಅದರ ಮೇಲೆ ಕಾಲಿಡಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ವುಝೂವಿನಲ್ಲೂ ನೀರು ಪೋಲು ಮಾಡಬಾರದೆಂದು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಹಾಗಾದರೆ ನೆಲವೋ ನೀರೋ? ವಯಸ್ಸಾದ ಉಮ್ಮನನ್ನೂ ಹಸುಗೂಸನ್ನೂ ಕರೆದೊಯ್ಯುವವರಿಗೆ ನೆಲವೇ ಲೇಸು. ಆರೋಗ್ಯವಂತರಾದ, ನಾಲ್ಕೈದು ದಿನ ಒಟ್ಟಿಗಿರಬಯಸುವ ಕುಟುಂಬಕ್ಕೆ ಹಡಗು ಒಳ್ಳೆಯದು. ಆದರೆ ನೆರೆಮನೆಯವರು ಹೋದರೆಂದು ಸಾಲ ಮಾಡಿ ಹೊರಡಬೇಡಿ. ಐದು ದಿನದ ಸಂತೋಷಕ್ಕೆ ಐದು ತಿಂಗಳ ಕಂತು ಸರಿಯಾದ ಲೆಕ್ಕವಲ್ಲ.

ಹಡಗು ಹತ್ತಿದ ಮಾತ್ರಕ್ಕೆ ಮನೆಯೊಡತಿಗೆ ಬಿಡುವು ಸಿಗುವುದೂ ಇಲ್ಲ. ಅಲ್ಲಿಯೂ ಟವೆಲು, ಚಪ್ಪಲಿ, ಮಾತ್ರೆ ಹುಡುಕಿಕೊಡಲು ಎಲ್ಲರೂ ಅವಳನ್ನೇ ಕೂಗಿದರೆ ಸಮುದ್ರದ ಮಧ್ಯದಲ್ಲೂ ಅವಳದು ಅಡುಗೆಮನೆಯ ಬದುಕೇ. ಊಟಿಯಲ್ಲೂ ಸ್ಟವ್ ಮನೆಯಲ್ಲೇ ಬಿಟ್ಟು, ಮಕ್ಕಳ ಕೆಲಸವನ್ನು ತಂದೆ ವಹಿಸಿಕೊಂಡರೆ ಅದೇ ಉತ್ತಮ ಪ್ರವಾಸ. ಈ ಬಾರಿ ಟಿಕೆಟ್ ಮಾಡಿಸುವ ಮೊದಲು, ನಿನಗೆ ಎಲ್ಲಿ ವಿಶ್ರಾಂತಿ ಸಿಕ್ಕೀತು ಎಂದು ಅವಳನ್ನೊಮ್ಮೆ ಕೇಳಿ. ಉತ್ತರ ಬರಲು ತುಸು ಹೊತ್ತಾದೀತು. ಏಕೆಂದರೆ ಈ ಪ್ರಶ್ನೆಯನ್ನು ಅವಳಲ್ಲಿ ಯಾರೂ ಕೇಳಿರಲಿಕ್ಕಿಲ್ಲ.